ತೇವದ ಲೆಕ್ಕದಿಂದ ಬಡ್ಡಿ ಲೆಕ್ಕಕ್ಕೆ

ಆದವಾನಿಯ ಹತ್ತಿ ಯಾರ್ಡಿಗೆ ಬರುವ ನಮ್ಮ ರೈತರು ಮನೆಯಲ್ಲಿ ಕನ್ನಡ, ಅಡತಿಯಲ್ಲಿ ತೆಲುಗು ಮಾತಾಡುವವರು. ಯಾವ ಭಾಷೆಯಲ್ಲಿ ಮಾತು ಶುರುವಾದರೂ ಕೊನೆಗೆ ನನ್ನನ್ನು ಕೇಳುವುದು ಒಂದೇ: ‘ಹುಡುಗ ಬಿ.ಎಸ್ಸಿ. ಮುಗಿಸ್ಯಾನ, ಎಂ.ಬಿ.ಎ.ಗೆ ಕಳಸಬೇಕೋ ಬ್ಯಾಡೋ?’ ನಾನು ರಸಾಯನಶಾಸ್ತ್ರ ಓದಿ, ಆಮೇಲೆ ಎಂ.ಬಿ.ಎ. ಮಾಡಿ, ಈಗ ಅಣ್ಣನ ಕೂಡ ಜಿನ್ನಿಂಗ್ ಮಿಲ್ಲು ನೋಡಿಕೊಳ್ಳುವವ. ಅದಕ್ಕೇ ಈ ವಿಚಾರಣೆ.

ಪ್ರವೇಶದ ಮಾತು ಮೊದಲೇ ಮುಗಿಸಿಬಿಡುವೆ. ಎಂ.ಬಿ.ಎ. ಅಂದರೆ ಬಿ.ಕಾಂ. ಆದವರಿಗೇ ಎಂಬುದು ಸುಳ್ಳು. ಆಂಧ್ರದ ಐಸೆಟ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ, ಶೇ. 50 ಅಂಕ ಬೇಕು, ಮೀಸಲಾತಿಯವರಿಗೆ ಶೇ. 45. 200 ಪ್ರಶ್ನೆ, 150 ನಿಮಿಷ. ತರ್ಕಕ್ಕೆ 75, ಲೆಕ್ಕಕ್ಕೆ 55, ಭಾಷೆ-ಸಂವಹನಕ್ಕೆ 70. ಪ್ರಶ್ನೆಗಳು ಇಂಗ್ಲಿಷ್ ಮತ್ತು ತೆಲುಗಿನಲ್ಲಿ ಇರುತ್ತವೆ. ಸಂವಹನದ ಭಾಗ ಬರೀ ಇಂಗ್ಲಿಷಿನಲ್ಲಿ. ಕನ್ನಡ ಎಲ್ಲೂ ಇಲ್ಲ. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ತೊಡಕು ಇಲ್ಲಿದೆ, ಗಣಿತದಲ್ಲಲ್ಲ. ಐ.ಐ.ಎಂ.ಗಳ ಕ್ಯಾಟ್ ಪರೀಕ್ಷೆಗೂ ವಿಜ್ಞಾನ ಪದವಿ ಸಾಕು. ಆದರೆ ಅದರ ಪೈಪೋಟಿಯೇ ಬೇರೆ.

ವಿಜ್ಞಾನ ಓದಿದ್ದು ನೀರಿನಲ್ಲಿ ಹೋಮ ಆಯಿತೇ? ಇಲ್ಲ. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ಶೇ. 8 ತೇವದವರೆಗೆ ಪೂರ್ತಿ ದರ ಕೊಡುತ್ತದೆ, ಅಲ್ಲಿಂದ ಶೇ. 12ರ ತನಕ ಕಡಿತ ಮಾಡುತ್ತದೆ, ಅದಕ್ಕೂ ಮೇಲಾದರೆ ಮಾಲು ವಾಪಸ್. ಶೇ. 12 ತೇವದ ಒಂದು ಕ್ವಿಂಟಲಿನಲ್ಲಿ ಒಣ ಮಾಲು 88 ಕಿಲೋ. ಅದೇ ಮಾಲು ಶೇ. 8ಕ್ಕೆ ಒಣಗಿದರೆ ತೂಗುವುದು ಸುಮಾರು 95 ಕಿಲೋ 650 ಗ್ರಾಂ. ಅಂದರೆ ನಾಲ್ಕು ಕಿಲೋ ಚಿಲ್ಲರೆ ಬರೀ ನೀರು. ಬಿ.ಎಸ್ಸಿ. ಹುಡುಗನಿಗೆ ಇದು ಕ್ಷಣದ ಕೆಲಸ. ಮಾಪನ ನಂಬುವ ಮೊದಲು ಎರಡನೇ ಸಲ ಅಳೆಯುವ ಅಭ್ಯಾಸವೂ ಪ್ರಯೋಗಶಾಲೆಯದೇ.

ಬಾರದೇ ಇದ್ದದ್ದು ದುಡ್ಡಿನ ಲೆಕ್ಕ. ಮೊದಲ ಸೆಮಿಸ್ಟರಿನಲ್ಲಿ ಸವಕಳಿ ಎಂಬ ಪಾಠಕ್ಕೇ ನನ್ನ ತಲೆ ತಿರುಗಿತ್ತು. 10 ಲಕ್ಷ ರೂ. ಯಂತ್ರ ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ ಲಕ್ಷ ರೂ. ಖರ್ಚು ಬರೀರಿ ಅಂತಾರೆ. ಆ ವರ್ಷ ಗಲ್ಲಾಪೆಟ್ಟಿಗೆಯಿಂದ ಒಂದು ಪೈಸೆ ಹೊರಗೆ ಹೋಗಿರುವುದಿಲ್ಲ! ಪಕ್ಕದಲ್ಲಿ ಕೂತ ಬಿ.ಕಾಂ. ಹುಡುಗರು ನಗುತ್ತಿದ್ದರು. ಅಂಕಿ-ಅಂಶ ಶಾಸ್ತ್ರ ಬಂದಾಗ ಅವರೇ ನನ್ನ ಕೋಣೆಗೆ ಬಂದರು ಅನ್ನಿ.

ಇನ್ನೊಂದು, ಇದಕ್ಕಿಂತ ದೊಡ್ಡದು. 10 ಲಕ್ಷ ರೂ. ಅರಳೆ ಗೋದಾಮಿನಲ್ಲಿ ಮೂರು ತಿಂಗಳು ಕೂತರೆ, ವರ್ಷಕ್ಕೆ ಶೇ. 12ರಂತೆ ಬಡ್ಡಿ 30,000 ರೂ. ದರ ಶೇ. 3 ಏರಿದರೂ ಉಳಿದದ್ದು ಸೊನ್ನೆ. ಬಾಡಿಗೆ, ವಿಮೆ ಬೇರೆ. ಸಾಲದ ದುಡ್ಡಾದರೆ ಅಪ್ಪನೂ ಇದನ್ನು ಬಾಯಲ್ಲೇ ಹೇಳುತ್ತಿದ್ದರು. ಸ್ವಂತ ದುಡ್ಡಾದರೆ ಮಾತ್ರ, ‘ನಮ್ಮ ರೊಕ್ಕಕ್ಕ ನಾವೇ ಯಾಕ ಬಡ್ಡಿ ಹಚ್ಚಬೇಕು?’ ಅನ್ನುತ್ತಿದ್ದರು. ಆ ರೊಕ್ಕ ಬೇರೆ ಕಡೆ ದುಡಿಯಬಹುದಿತ್ತಲ್ಲ ಎಂಬುದನ್ನು ಕಲಿಯಲು ನಾನು ಕಾಲೇಜಿಗೇ ಹೋಗಬೇಕಾಯಿತು.

ಈ ಲೆಕ್ಕವನ್ನು ಎಂ.ಬಿ.ಎ.ಗೇ ಹಚ್ಚಿ ನೋಡಿ. ಶುಲ್ಕ, ಹಾಸ್ಟೆಲ್ ಅಷ್ಟೇ ಖರ್ಚಲ್ಲ. ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ತಿಂಗಳಿಗೆ 15,000 ರೂ. ದುಡಿಯುವ ಹುಡುಗ ಎರಡು ವರ್ಷ ಓದಲು ಕೂತರೆ ಬಿಟ್ಟುಕೊಟ್ಟದ್ದು 3,60,000 ರೂ. ಇದನ್ನು ಯಾವ ಕಾಲೇಜಿನ ಕರಪತ್ರವೂ ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ 2009ರಲ್ಲಿ ಜಗಳ ಆದದ್ದು ಎರಡು ಎಕರೆ ಎರೆಹೊಲದ ಮೇಲೆ. ‘ಹೊಲ ಮಾರಿ ಪುಸ್ತಕ ಕೊಳ್ಳೋದಾ? ಅಡತಿಯಾಗ ಕುಂದ್ರು, ಎಲ್ಲಾ ಬರ್ತೈತಿ’ ಎಂದು ಅಪ್ಪ ಎದ್ದು ಹೋದರು. ಎಂಟು ದಿನ ನನ್ನ ಕೂಡ ಮಾತಿಲ್ಲ. ಅಣ್ಣ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದ: 4 ಲಕ್ಷ ರೂ. ಒಳಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡ ಇಡಬೇಕಿಲ್ಲ, ಓದು ಮುಗಿಯುವ ತನಕ ಕಂತಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ, ಅದನ್ನೂ ಹೇಳಿದ. ಹೊಲ ಉಳಿಯಿತು. ಈ ವರ್ಷವೂ ಅದರಲ್ಲಿ ಹತ್ತಿಯೇ ಇದೆ.

ಆದ್ದರಿಂದ ಕೇಳಿದವರಿಗೆಲ್ಲ ಹೋಗಲಿ ಅನ್ನುವುದಿಲ್ಲ. ಬಿ.ಎಸ್ಸಿ. ಆದ ಮೇಲೆ ಏನೂ ತೋಚದೆ ಹೋಗುವವನಿಗೆ ಎರಡು ವರ್ಷ ದುಬಾರಿ. ದುಡಿಯುವುದನ್ನು ಬಿಡಲಾಗದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದ ಎಂ.ಬಿ.ಎ. ಇದೆ; ಮನೆಯಲ್ಲಿ ಕೂತು ಓದುವ ಛಲ ಬೇಕು ಅಷ್ಟೇ.

ಅಣ್ಣನ ಮಗಳು ಈಗ ಬಿ.ಎಸ್ಸಿ. ಎರಡನೇ ವರ್ಷ. ಐಸೆಟ್ ಬರೆಯುತ್ತೇನೆ ಅಂದಳು. ಮೊದಲು ಈ ಸುಗ್ಗಿಯ ಖಾತೆ ಪುಸ್ತಕ ಬರಿ, ಆಮೇಲೆ ಮಾತಾಡೋಣ ಎಂದೆ. ರಜೆ ಬಂದಾಗೆಲ್ಲ ಮಿಲ್ಲಿಗೆ ಬರುತ್ತಾಳೆ. ಮೊನ್ನೆ ಸ್ವಂತ ದುಡ್ಡಿನ ಮಾಲಿಗೂ ಬಡ್ಡಿ ಹಚ್ಚಿ ಅಣ್ಣನ ಮುಂದೆ ಇಟ್ಟಳು. ಅವನು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದ. ಇನ್ನೂ ಏನೂ ಹೇಳಿಲ್ಲ.