ಪರದೇಶದ ಕೂಡುಮನೆಯಲ್ಲಿ ಮಲ್ಲವಿದ್ಯೆ: ದೇಹದ ಆರೋಗ್ಯ, ಸಹವಾಸದ ಆರೋಗ್ಯ

ಮಕ್ಕಳು ಪರದೇಶಕ್ಕೆ ಹೊರಟಾಗ ಊಟ ಹೇಗೆ, ಸಹವಾಸ ಹೇಗೆ ಎಂದು ತಂದೆತಾಯಿಗಳು ಚಿಂತಿಸುವುದು ಸಹಜ. ಈಚೆಗೆ ಭಕ್ತರೊಬ್ಬರು ಮತ್ತೊಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಅವರ ಮಗ ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಮಲ್ಲವಿದ್ಯೆಯನ್ನು ಕಲಿಯಲು ರಿಯೊ ಡಿ ಜನೈರೊ ನಗರಕ್ಕೆ ಹೊರಟಿದ್ದಾನೆ. ಅಲ್ಲಿ ಹಲವು ದೇಶಗಳ ಯುವಕರೊಡನೆ ಒಂದೇ ಮನೆಯಲ್ಲಿ ವಾಸ. ಇದರಿಂದ ಮೈಗೂ ಮನಸ್ಸಿಗೂ ಕೇಡಾಗದೇ ಎಂಬುದು ಅವರ ಅಳಲು. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ವಿದ್ಯೆಯ ಸ್ವರೂಪ

ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಬಂದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಹಾಗೂ ಸಹೋದರರು ಈ ವಿದ್ಯೆಯನ್ನು ರಿಯೊ ನಗರದಲ್ಲಿ ಬೆಳೆಸಿದರು. ತಮ್ಮನಾದ ಹೇಲಿಯೊ ಗ್ರೇಸಿ (1913–2009) ಕೃಶದೇಹಿ. ಬಲಕ್ಕಿಂತ ಸನ್ನೆಯ ತತ್ತ್ವವನ್ನೂ ತಾಳ್ಮೆಯನ್ನೂ ನೆಚ್ಚಿದ ಪಟ್ಟುಗಳಿಗೆ ಅವರು ಹೆಸರಾದರು.

ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಇಲ್ಲಿ ಹಾಗಲ್ಲ, ಕೆಳಗೆ ಬಿದ್ದವನೂ ಕಾಲುಗಳಿಂದ ಎದುರಾಳಿಯನ್ನು ಬಂಧಿಸಿ ಗೆಲ್ಲಬಲ್ಲ. ಹೊಡೆತ, ಒದೆತಗಳಿಲ್ಲ. ಕೀಲನ್ನು ತಿರುಚುವ ಅಥವಾ ಕತ್ತನ್ನು ಅದುಮುವ ಪಟ್ಟು ಬಿಗಿಯಾದಾಗ ಸಿಕ್ಕಿಕೊಂಡವನು ಕೈಯಿಂದ ತಟ್ಟುತ್ತಾನೆ. ಹಿಡಿದವನು ತಕ್ಷಣ ಬಿಡಬೇಕು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಐದು ಪಟ್ಟಿಗಳ ಕ್ರಮದಲ್ಲಿ ಕಪ್ಪುಪಟ್ಟಿಗೆ ತಲುಪಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಹಿಡಿಯುತ್ತವೆ.

ತಟ್ಟುವುದು ಅವಮಾನವಲ್ಲ

ಗಾಯಗಳಲ್ಲಿ ಹಲವು ತಡವಾಗಿ ತಟ್ಟುವುದರಿಂದಲೇ ಆಗುವಂಥವು. ಕತ್ತಿನ ಎರಡೂ ಬದಿಯ ರಕ್ತನಾಳಗಳು ಅದುಮಲ್ಪಟ್ಟರೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಹಿಮ್ಮಡಿಯನ್ನು ತಿರುಚುವ ಪಟ್ಟಿನಲ್ಲಿ ನೋವು ತಿಳಿಯುವ ಮೊದಲೇ ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು; ಹೊಸಬರು ಅದರಿಂದ ದೂರವಿರುವುದು ಲೇಸು. ಕಿವಿ ಉಜ್ಜಿ ಊದಿಕೊಂಡರೆ ಒಳಗೆ ರಕ್ತ ನಿಂತು ಗಡ್ಡೆಗಟ್ಟುತ್ತದೆ. ಬೇಗನೆ ವೈದ್ಯರಲ್ಲಿ ಅದನ್ನು ತೆಗೆಸದಿದ್ದರೆ ಕಿವಿಯ ಆಕಾರ ಶಾಶ್ವತವಾಗಿ ಕೆಡುತ್ತದೆ. ಸೋಲನ್ನು ದಿನವೂ ನಗುಮುಖದಿಂದ ಒಪ್ಪಿಕೊಳ್ಳುವ ಅಭ್ಯಾಸ ಅಹಂಕಾರಕ್ಕೂ ಒಳ್ಳೆಯ ಮದ್ದು. ಶರಣರು ಕಿಂಕರಭಾವವನ್ನು ಏಕೆ ಮೇಲಿಟ್ಟರೆಂಬುದು ಇಲ್ಲಿ ಮೈಯಿಂದಲೇ ಅರಿವಾಗುತ್ತದೆ.

ಚರ್ಮರೋಗ: ಮುಚ್ಚಿಟ್ಟರೆ ಮನೆಗೆಲ್ಲ

ಮೈಗೆ ಮೈ ತಾಗುವ ಈ ವಿದ್ಯೆಯಲ್ಲಿ ಹುಳುಕಡ್ಡಿ, ಕೀವುಗುಳ್ಳೆ, ಸರ್ಪಸುತ್ತಿನಂತೆ ಕಾಣುವ ನೀರುಗುಳ್ಳೆಗಳು ಸುಲಭವಾಗಿ ಹರಡುತ್ತವೆ. ನಮಗೆ ಪರಿಚಿತರಾದ ಯುವಕರೊಬ್ಬರಿಗೆ ಇಂಥ ಮನೆಯಲ್ಲಿದ್ದಾಗ ತೋಳಿನ ಮೇಲೆ ಹುಳುಕಡ್ಡಿ ಎದ್ದಿತು. ಸಂಗಡಿಗರು ದೂರ ಮಾಡಿಯಾರೆಂಬ ಅಂಜಿಕೆಯಿಂದ ಅವರು ಉದ್ದ ತೋಳಿನ ಅಂಗಿ ತೊಟ್ಟು ಅಭ್ಯಾಸ ಮುಂದುವರಿಸಿದರು. ಊರಿನಿಂದ ಒಯ್ದಿದ್ದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚಿದರು. ಅದು ಕೆಂಪನ್ನು ತಗ್ಗಿಸಿತೇ ಹೊರತು ಶಿಲೀಂಧ್ರವನ್ನು ಬೆಳೆಸಿತು. ಮೂರು ವಾರಗಳಲ್ಲಿ ಮನೆಯ ನಾಲ್ವರಿಗೆ ಅಂಟಿತು. ಕೊನೆಗೆ ಅವರೇ ಎಲ್ಲರೆದುರು ಒಪ್ಪಿಕೊಂಡರು. ಯಾರೂ ದೂರ ಮಾಡಲಿಲ್ಲ, "ಮೊದಲೇ ಹೇಳಬಾರದಿತ್ತೇ?" ಎಂದರಷ್ಟೆ. ಎಲ್ಲರೂ ಜೊತೆಯಾಗಿ ಚಿಕಿತ್ಸೆ ಪಡೆದು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದರು.

ಆದ್ದರಿಂದ ಈ ನಿಯಮಗಳು ಅವಶ್ಯ. ಅಭ್ಯಾಸ ಮುಗಿದೊಡನೆ ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಗಿ ಎಂಬ ದಪ್ಪ ಉಡುಪನ್ನು ಪ್ರತಿಸಲ ಒಗೆಯಬೇಕು. ರಿಯೊ ನಗರದ ತೇವದ ಹವೆಯಲ್ಲಿ ಅದು ನಿಧಾನವಾಗಿ ಒಣಗುವುದರಿಂದ ಎರಡು ಜೊತೆಯಾದರೂ ಇರಬೇಕು. ಟವೆಲು, ಕ್ಷೌರದ ಬ್ಲೇಡು ಇವನ್ನು ಹಂಚಿಕೊಳ್ಳಬಾರದು. ಉಗುರು ಕತ್ತರಿಸಿರಬೇಕು. ಚರ್ಮದಲ್ಲಿ ಕಲೆ ಕಂಡರೆ ಶಿಕ್ಷಕರಿಗೆ ತಿಳಿಸಿ, ವೈದ್ಯರು ಹೇಳುವವರೆಗೆ ಅಭ್ಯಾಸ ನಿಲ್ಲಿಸಬೇಕು. ಕೆಂಪು ಹರಡುತ್ತಾ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆಹಾರ ಮತ್ತು ಆಚಾರ

ಬ್ರೆಜಿಲಿನ ನಿತ್ಯದ ಊಟ ಅನ್ನ ಮತ್ತು ಬೇಯಿಸಿದ ಕಾಳು. ನಮ್ಮ ಅನ್ನ–ಬೇಳೆಯಂತೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಕಾಳಿಗೆ ಹಂದಿಮಾಂಸ ಬೆರೆಸುವ ರೂಢಿಯುಂಟು. ಅಲ್ಲಿ "ಕಾರ್ನಿ" ಎಂದರೆ ದನದ ಮಾಂಸವೆಂದೇ ಹಲವರು ತಿಳಿಯುವುದರಿಂದ, ಕೋಳಿ, ಹಂದಿ, ಮೀನು ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ಮನೆಯಲ್ಲಿ ತಾನೇ ಕಾಳು ಬೇಯಿಸಿ, ಹಾಲು ಮೊಸರು ಸೇವಿಸುವವನಿಗೆ ಸಸಾರಜನಕದ ಕೊರತೆಯಾಗದು.

ಇಷ್ಟಲಿಂಗಧಾರಿಗಳು ಮೊದಲೇ ಯೋಚಿಸಬೇಕಾದ ವಿಷಯವೊಂದಿದೆ. ಅಭ್ಯಾಸದ ಹಾಸಿನ ಮೇಲೆ ಕೊರಳಲ್ಲಿ ಸರ, ದಾರ ಯಾವುದನ್ನೂ ಧರಿಸಬಾರದೆಂಬ ನಿಯಮ ಸಾಮಾನ್ಯ. ದಾರ ಸಿಕ್ಕಿಕೊಂಡರೆ ಕತ್ತಿಗೆ ಅಪಾಯ. ಆ ಹೊತ್ತಿನಲ್ಲಿ ಲಿಂಗವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ವೈದ್ಯರು ಹೇಳಲಾರರು. ಹೊರಡುವ ಮುನ್ನ ದೀಕ್ಷೆ ನೀಡಿದ ಗುರುಗಳನ್ನೇ ಕೇಳಿ ಅಪ್ಪಣೆ ಪಡೆಯುವುದು ಉಚಿತ.

ಸಹವಾಸ

ವಾರಾಂತ್ಯದಲ್ಲಿ ಮಾಂಸ ಸುಡುವ ಕೂಟ, ಬಿಯರು ಅಲ್ಲಿ ಸಾಮಾನ್ಯ. ಬೆವರಿಳಿದ ದೇಹಕ್ಕೆ ಮದ್ಯ ನೀರಿನ ಕೊರತೆಯನ್ನು ಹೆಚ್ಚಿಸುತ್ತದೆ, ನಿದ್ರೆಯನ್ನು ಕೆಡಿಸುತ್ತದೆ. ಹಾಗೆಂದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ ಒಂಟಿತನ ಮತ್ತೊಂದು ರೋಗವಾಗುತ್ತದೆ. ಮೊದಲ ದಿನವೇ "ನಾನು ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ; ಆದರೆ ನಿಮ್ಮೊಡನೆ ಕೂರುತ್ತೇನೆ" ಎಂದು ನಗುತ್ತಾ ಹೇಳಿದವನನ್ನು ಯಾರೂ ಮತ್ತೆ ಮತ್ತೆ ಒತ್ತಾಯಿಸುವುದು ವಿರಳ. ಅಡುಗೆಮನೆ ತೊಳೆಯುವ ಸರದಿ ತಪ್ಪಿಸದಿರುವುದು, ವಾರಕ್ಕೊಮ್ಮೆ ಎಲ್ಲರಿಗೂ ಚಿತ್ರಾನ್ನ ಮಾಡಿ ಬಡಿಸುವುದು, ಬೆಳಗಿನ ಪೂಜೆಯ ಅರ್ಧ ಗಂಟೆ ಮೌನವಿರಲೆಂದು ಕೋಣೆಯ ಗೆಳೆಯನನ್ನು ವಿನಯದಿಂದ ಕೇಳುವುದು: ಇಷ್ಟಿದ್ದರೆ ಕೂಡುಮನೆಯೂ ದಾಸೋಹದ ಮನೆಯಾದೀತು.

ಕಳುಹಿಸಬಹುದೇ ಎಂದು ಕೇಳಿದ ಆ ತಂದೆಗೆ ನಾವು ಹೇಳಿದ್ದಿಷ್ಟೆ: ಕಳುಹಿಸಿ. ಆದರೆ ನೋವಾದಾಗ ತಟ್ಟುವುದನ್ನೂ ರೋಗ ಬಂದಾಗ ಹೇಳುವುದನ್ನೂ ಕಲಿಸಿ ಕಳುಹಿಸಿ. ಅವನು ದೂರವಾಣಿಯಲ್ಲಿ ತಪ್ಪೊಪ್ಪಿಕೊಂಡಾಗ ಗದರದೆ ಕೇಳಿಸಿಕೊಳ್ಳುವ ತಾಳ್ಮೆಯನ್ನು ನೀವೂ ಕಲಿಯಿರಿ. ಮನೆಯವರಿಗೆ ಹೇಳಬಲ್ಲೆನೆಂಬ ಧೈರ್ಯವಿದ್ದ ಮಗ ಯಾವ ದೇಶದಲ್ಲಿದ್ದರೂ ಒಬ್ಬಂಟಿಯಲ್ಲ.