ಮೂಗಿನ ಅಳತೆ: ಕೈವಾರದಿಂದ ಮೂರು ಆಯಾಮದ ಚಿತ್ರಕ್ಕೆ

ತಲೆಬುರುಡೆಯೊಂದನ್ನು ಬಿಟ್ಟರೆ ಮಾನವಶಾಸ್ತ್ರಜ್ಞರ ಕೈವಾರಕ್ಕೆ ಬಹಳವಾಗಿ ಸಿಕ್ಕಿದ ಅಂಗ ಮೂಗು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವಿದ್ವಾಂಸರು ರೂಢಿಗೆ ತಂದ ‘ನಾಸಿಕ ಸೂಚ್ಯಂಕ’ ಬಹು ಸರಳವಾದುದು. ಎರಡು ಹೊಳ್ಳೆಗಳ ಹೊರ ಅಂಚುಗಳ ನಡುವಣ ಅಗಲವನ್ನು, ಹುಬ್ಬುಗಳ ನಡುವೆ ಮೂಗು ಮೊದಲಾಗುವಲ್ಲಿಂದ ಅದು ಮೇಲ್ದುಟಿಯನ್ನು ಸೇರುವವರೆಗಿನ ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬಂದ ಅಂಕಿ 70ಕ್ಕಿಂತ ಕಡಿಮೆಯಾದರೆ ನೀಳಮೂಗು, 85ಕ್ಕಿಂತ ಹೆಚ್ಚಾದರೆ ಅಗಲಮೂಗು, ಉಳಿದುದು ಮಧ್ಯಮ. ಬಂಗಾಳದ ಸಿವಿಲ್ ಅಧಿಕಾರಿ ಹರ್ಬರ್ಟ್ ಹೋಪ್ ರಿಸ್ಲಿ ಉತ್ತರ ಭಾರತದ ಸಹಸ್ರಾರು ಜನರ ಮುಖಗಳನ್ನು ಅಳೆಯಿಸಿ 1891ರಲ್ಲಿ ಆ ಅಂಕಿಗಳನ್ನು ಪ್ರಕಟಿಸಿದನು. ಜಾತಿಯ ಸ್ಥಾನ ಮೇಲೇರಿದಂತೆ ಮೂಗಿನ ಸರಾಸರಿ ಅಗಲ ಕಿರಿದಾಗುತ್ತದೆ ಎಂಬುದು ಅವನ ಸಿದ್ಧಾಂತ. 1901ರ ಜನಗಣತಿಗೆ ಅವನೇ ಮುಖ್ಯಾಧಿಕಾರಿಯಾದುದರಿಂದ ಈ ಮಾತಿಗೆ ಸರಕಾರದ ಮುದ್ರೆಯೂ ಬಿದ್ದಂತಾಯಿತು. ತನ್ನ ಮೂಗಿನ ನೇರಕ್ಕೆ ಲೋಕವನ್ನು ನೋಡುವುದೆಂಬ ನಮ್ಮ ನುಡಿಗಟ್ಟು ಇಷ್ಟು ಅಕ್ಷರಶಃ ನಿಜವಾದುದು ವಿರಳ.

ಈ ಸಿದ್ಧಾಂತಕ್ಕೆ ಬಲವಾದ ಉತ್ತರ ಬಂದುದು ಮುಂಬಯಿಯಿಂದ. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆಯವರು 1932ರ ತಮ್ಮ ಗ್ರಂಥದಲ್ಲಿ ರಿಸ್ಲಿಯ ಕಾಲದ ಅಂಕಿಗಳನ್ನೇ ಮತ್ತೆ ಎಣಿಸಿ ನೋಡಿದರು. ಇಂದಿನ ಉತ್ತರ ಪ್ರದೇಶದ ಭಾಗದಲ್ಲಿ ಅಂಥ ಹೊಂದಾಣಿಕೆ ಕಂಡರೂ, ಅದರಾಚೆಗಿನ ಭಾಷಾಪ್ರಾಂತಗಳಲ್ಲಿ ಮೂಗಿನ ಏಣಿಗೂ ಜಾತಿಯ ಏಣಿಗೂ ಮೇಳವಿಲ್ಲವೆಂದು ಅವರು ತೋರಿಸಿದರು. ಅದೇ ಬಗೆಯ ಅಂಕಿಗಳ ಆಧಾರದಿಂದ ಡಾ. ಬಿ. ಆರ್. ಅಂಬೇಡ್ಕರರು 1948ರಲ್ಲಿ, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬ ವಾದವೇ ನಿಲ್ಲದೆಂದು ಸಾಧಿಸಿದರು. ಹೀಗೆ ಕೀಳೆಂದು ಹೇಳಲು ಕೂಡಿಸಿದ ಅಂಕಿಗಳು ಆ ಮಾತನ್ನು ಅಲ್ಲಗಳೆಯಲೂ ನೆರವಾದವು.

ಆದರೆ ದೋಷ ಅಂಕಿಗಳ ಅರ್ಥವಿವರಣೆಯಲ್ಲಿ ಮಾತ್ರ ಇರಲಿಲ್ಲ, ಅಳತೆಯಲ್ಲೇ ಇತ್ತು. 50 ಮಿಲಿಮೀಟರು ಎತ್ತರ, 35 ಮಿಲಿಮೀಟರು ಅಗಲದ ಮೂಗಿನ ಸೂಚ್ಯಂಕ 70. 60 ಎತ್ತರ, 42 ಅಗಲದ ಮೂಗಿನದೂ 70ಯೇ. ಒಂದು ಮುಂದಕ್ಕೆ ಚಾಚಿರಬಹುದು, ಇನ್ನೊಂದು ತಗ್ಗಿರಬಹುದು. ಸೂಚ್ಯಂಕಕ್ಕೆ ಅದು ಕಾಣದು. ಮೇಲಾಗಿ, ಮೂಗು ಮೊದಲಾಗುವ ಬಿಂದು ಜೀವಂತ ಮುಖದಲ್ಲಿ ಚರ್ಮದಡಿ ಅಡಗಿರುತ್ತದೆ. ಅದನ್ನು ಅಳೆಯುವವನ ಬೆರಳು ಊಹಿಸಬೇಕು. 34 ಮಿಲಿಮೀಟರು ಅಗಲದ ಮೂಗಿನ ಎತ್ತರವನ್ನು 50 ಎಂದು ಹಿಡಿದರೆ ಸೂಚ್ಯಂಕ 68. ಬೆರಳು ಎರಡೇ ಮಿಲಿಮೀಟರು ಕೆಳಗೆ ಜಾರಿದರೆ 70.8. ಮನುಷ್ಯ ಕುಳಿತಲ್ಲೇ ಒಂದು ವರ್ಗದಿಂದ ಇನ್ನೊಂದಕ್ಕೆ ಸೇರಿಹೋದ!

ಒಂದೇ ಅನುಪಾತದ ಬದಲು ಹಲವು ಅಳತೆಗಳನ್ನು ಒಟ್ಟಾಗಿ ತೂಗುವ ಗಣಿತವೂ ಈ ದೇಶದಲ್ಲೇ ಬೆಳೆಯಿತೆಂಬುದು ಸ್ಮರಣೀಯ. ರಿಸ್ಲಿಯ ಬಂಗಾಳದ ಅಂಕಿಗಳನ್ನು ಪರಿಷ್ಕರಿಸಿದ ಪಿ. ಸಿ. ಮಹಲನೋಬಿಸರು 1936ರಲ್ಲಿ ಗುಂಪು ಗುಂಪುಗಳ ನಡುವಣ ‘ದೂರ’ಕ್ಕೆ ಸೂತ್ರ ಕೊಟ್ಟರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕೇಂಬ್ರಿಜ್‌ನಲ್ಲಿ ಸುಡಾನಿನ ಪುರಾತನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುತ್ತ ಈ ಶಾಸ್ತ್ರವನ್ನು ಮುಂದುವರಿಸಿದರು.

ಗಣಿತ ಸಿದ್ಧವಾಗಿತ್ತು, ಆಕಾರವನ್ನು ಇಡಿಯಾಗಿ ಹಿಡಿಯುವ ಉಪಕರಣ ಬರಬೇಕಾಗಿತ್ತು. ಗಾಡ್‌ಫ್ರಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊತ್ತಮೊದಲು ರೋಗಿಯೊಬ್ಬರ ತಲೆಯನ್ನು ಚಿತ್ರಿಸಿತು. ಕ್ಷ-ಕಿರಣಗಳು ಸುತ್ತಲಿಂದಲೂ ಹಾಯ್ದು, ದೇಹವನ್ನು ತೆಳ್ಳನೆಯ ಪದರಗಳಾಗಿ ತೋರಿಸುತ್ತವೆ. ಪದರದ ಪ್ರತಿಯೊಂದು ಕಣಕ್ಕೂ ಒಂದು ಅಂಕಿ: ನೀರಿಗೆ 0, ಗಾಳಿಗೆ ಋಣ 1000, ಎಲುಬಿಗೆ ನೂರಾರು. ಗಾಳಿಗೂ ಮಾಂಸಕ್ಕೂ ಇಷ್ಟೊಂದು ಅಂತರವಿರುವುದರಿಂದ ಮೂಗಿನ ಹೊರಮೈಯನ್ನೂ, ಕೈವಾರ ಎಂದೂ ಮುಟ್ಟಲಾರದ ಒಳಗುಹೆಯನ್ನೂ ಗಣಕಯಂತ್ರ ಸುಲಭವಾಗಿ ಬಿಡಿಸಬಲ್ಲುದು. ಹೊರಮೈಯಷ್ಟೇ ಸಾಕೆಂದರೆ ಹಲವು ಕ್ಯಾಮೆರಾಗಳಿಂದ ಏಕಕಾಲಕ್ಕೆ ತೆಗೆದ ಛಾಯಾಚಿತ್ರಗಳೂ ಆಗುತ್ತವೆ; ಅದರಲ್ಲಿ ಕಿರಣದ ಅಪಾಯವಿಲ್ಲ.

ಚಿತ್ರ ದೊರೆತ ಮೇಲೆ ಹೋಲಿಕೆ ಹೇಗೆ? ಮೂಗಿನ ಬುಡ, ತುದಿ, ಹೊಳ್ಳೆಯ ಅಂಚು ಮೊದಲಾದ ಕಡೆ ಗುರುತುಬಿಂದುಗಳನ್ನಿಟ್ಟು, ನಡುವಣ ಮೈಯಲ್ಲೆಲ್ಲ ಮತ್ತಷ್ಟು ಬಿಂದುಗಳನ್ನು ಹರಡುತ್ತಾರೆ. ಅನಂತರ ಒಂದರ ಬಿಂದುಗಳನ್ನು ಇನ್ನೊಂದರ ಮೇಲೆ ಕೂರಿಸಬೇಕು: ಸರಿಸಿ, ತಿರುಗಿಸಿ, ಸಮಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ. ಈ ಕ್ರಮಕ್ಕೆ ಗ್ರೀಕ್ ಪುರಾಣದ ಪ್ರೊಕ್ರಸ್ಟಿಸನ ಹೆಸರು. ತನ್ನ ಮಂಚಕ್ಕೆ ಸರಿಹೊಂದುವಂತೆ ಅತಿಥಿಗಳ ಕಾಲನ್ನು ಎಳೆಯುವ ಅಥವಾ ಕಡಿಯುವ ದರೋಡೆಗಾರನ ಹೆಸರನ್ನು ಇಷ್ಟು ನಿರಪಾಯವಾದ ಲೆಕ್ಕಕ್ಕೆ ಇಟ್ಟವರ ವಿನೋದ ಮೆಚ್ಚತಕ್ಕದ್ದೇ. ಇಲ್ಲಿ ಏನನ್ನೂ ಕಡಿಯುವುದಿಲ್ಲ. ದೊಡ್ಡ ಮೂಗೆಂಬುದೂ ಬೇರೆ ಆಕಾರದ ಮೂಗೆಂಬುದೂ ಎರಡು ಪ್ರಶ್ನೆಗಳಾಗಿ ಬಿಡಿಬಿಡಿಯಾಗುತ್ತವೆ. ಉಳಿದ ವ್ಯತ್ಯಾಸಗಳಲ್ಲಿ ಯಾವುವು ಕೂಡಿ ಬರುತ್ತವೆ ಎಂಬುದನ್ನು ಗಣಿತ ಹೇಳುತ್ತದೆ.

ಈ ಅಳತೆ ಹಳೆಯ ಪ್ರಶ್ನೆಯೊಂದಕ್ಕೆ ಬೆಳಕು ಚೆಲ್ಲಿದೆ. ತಣ್ಣನೆಯ ಒಣ ನಾಡುಗಳಲ್ಲಿ ಮೂಗು ಕಿರಿದೆಂದು ಆರ್ಥರ್ ಥಾಮ್ಸನ್ ಮತ್ತು ಡಡ್ಲಿ ಬಕ್ಸ್‌ಟನ್ 1923ರಲ್ಲಿ ಸೂಚ್ಯಂಕದಿಂದಲೇ ವಾದಿಸಿದ್ದರು. ಶ್ವಾಸಕೋಶಕ್ಕೆ ಇಳಿಯುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಮೂಗಿನ ಕೆಲಸ. ಕಿರಿದಾದ ದಾರಿಯಲ್ಲಿ ಗಾಳಿ ಗೋಡೆಗೆ ಹೆಚ್ಚು ತಗಲುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಸಲಾನ್ ಜೈದಿ, ಮಾರ್ಕ್ ಶ್ರೈವರ್ ಮೊದಲಾದವರು 2017ರಲ್ಲಿ ಪಶ್ಚಿಮ ಆಫ್ರಿಕ, ಪೂರ್ವ ಏಷ್ಯ, ದಕ್ಷಿಣ ಏಷ್ಯ, ಉತ್ತರ ಯುರೋಪುಗಳ ಮೂಲದವರ ಮೂರು ಆಯಾಮದ ಮುಖಚಿತ್ರಗಳನ್ನು ಪರಿಶೀಲಿಸಿದರು. ಏಳು ಲಕ್ಷಣಗಳಲ್ಲಿ ಹೊಳ್ಳೆಯ ರಂಧ್ರಗಳ ಅಗಲ, ಹೊಳ್ಳೆಬುಡದ ಅಗಲ ಇವೆರಡು ಮಾತ್ರ ಬರಿಯ ಆಕಸ್ಮಿಕ ವಂಶಚಲನೆಯಿಂದ ಆಗಬಹುದಾದುದಕ್ಕಿಂತ ಹೆಚ್ಚು ಬೇರೆಯಾಗಿದ್ದವು. ರಂಧ್ರಗಳ ಅಗಲ ತಾಪಮಾನ ಮತ್ತು ಗಾಳಿಯ ತೇವದೊಡನೆ ಹೊಂದಿಕೊಂಡಿತ್ತು. ಚಾಚು, ಎತ್ತರ ಮುಂತಾದವುಗಳ ವ್ಯತ್ಯಾಸಕ್ಕೆ ವಿಶೇಷ ಕಾರಣ ಬೇಕಾಗಲಿಲ್ಲ. ರಿಸ್ಲಿ ಕುಲೀನತೆಯ ಗುರುತೆಂದು ಓದಿದುದು ಬಹುಮಟ್ಟಿಗೆ ಪೂರ್ವಿಕರು ಉಸಿರಾಡಿದ ಗಾಳಿಯ ಗುರುತಿರಬಹುದು.

ಹೀಗೆಂದು ಯಂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮೂಗಿನ ಒಳಗೋಡೆಗಳಿಂದ ಸುರುಳಿಯಾಗಿ ಚಾಚಿದ ಎಲುಬುಗಳ ಮೇಲಿನ ಪೊರೆ ರಕ್ತ ತುಂಬಿ ಉಬ್ಬುತ್ತದೆ, ಇಳಿಯುತ್ತದೆ. ಬಹುಮಂದಿಯಲ್ಲಿ ಕೆಲವು ಗಂಟೆಗಳಿಗೊಮ್ಮೆ ಈ ಉಬ್ಬು ಎಡದಿಂದ ಬಲಕ್ಕೆ ಸರದಿ ಬದಲಿಸುತ್ತದೆ. ಇದನ್ನು 1895ರಲ್ಲಿ ಜರ್ಮನಿಯ ರಿಖರ್ಡ್ ಕೈಸರ್ ವಿವರಿಸಿದನು. ಇಡಾಪಿಂಗಳೆಗಳ ಮಾತಾಡಿದ ನಮ್ಮ ಸ್ವರಶಾಸ್ತ್ರದವರಿಗೆ ಈ ಸರದಿ ಹೊಸದಲ್ಲ. ಆದುದರಿಂದ ಬೆಳಗಿನ ಚಿತ್ರದ ಒಳಗುಹೆ ಮಧ್ಯಾಹ್ನದ ಚಿತ್ರದಲ್ಲಿ ಹಾಗೆಯೇ ಇರದು. ಒಳಗಿನ ಆಕಾರವನ್ನು ಹೋಲಿಸುವವರು ಎಲುಬಿನ ಗಡಿಯನ್ನು ಅಳೆಯಬೇಕು, ಇಲ್ಲವೇ ಪೊರೆಯನ್ನು ಔಷಧದಿಂದ ಇಳಿಸಿಕೊಳ್ಳಬೇಕು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಅಳತೆಗೆಂದೇ ಆರೋಗ್ಯವಂತರಿಗೆ ಕ್ಷ-ಕಿರಣ ಹಾಯಿಸುವುದು ಸಲ್ಲದು. ಆದುದರಿಂದ ಸಂಶೋಧಕರು ಬಹುಪಾಲು ಆಸ್ಪತ್ರೆಗಳಲ್ಲಿ ಬೇರೆ ಕಾರಣಕ್ಕೆ ತೆಗೆದಿಟ್ಟ ಚಿತ್ರಗಳನ್ನೇ ಅವಲಂಬಿಸುತ್ತಾರೆ. ಯಾವ ಊರಿನ, ಯಾವ ಜನರ ಆಸ್ಪತ್ರೆ ಎಂಬುದು ‘ಸಾಮಾನ್ಯ ಮೂಗು’ ಯಾವುದೆಂಬುದನ್ನು ಮೊದಲೇ ನಿರ್ಧರಿಸಿಬಿಡುತ್ತದೆ. ಉಸಿರುಕಟ್ಟಿದ ಮೂಗನ್ನು ಸರಿಪಡಿಸುವ ಶಸ್ತ್ರವೈದ್ಯನ ಮುಂದೆ ನಾಳೆ ಮಾದರಿಯಾಗಿ ನಿಲ್ಲುವುದು ಆ ಸರಾಸರಿಯೇ. ಬಿಂದುಗಳನ್ನು ಗಣಕ ಎಣಿಸಬಹುದು. ಪ್ರತಿಯೊಂದು ಚಿತ್ರದ ಬದಿಯಲ್ಲಿ ಅದು ಯಾವ ಗುಂಪಿನವರದೆಂಬ ಅಂಕಣವನ್ನು ತುಂಬುವುದು ಮಾತ್ರ ರಿಸ್ಲಿಯ ಕಾಲದಂತೆ ಇಂದಿಗೂ ಮನುಷ್ಯನ ಕೈಯೇ.