ಗೇಮ್ ಆಡಿ ಹೊಟ್ಟೆ ತುಂಬುತ್ತಾ?

ದಾವಣಗೆರೆ ಪಿ.ಜೆ. ಬಡಾವಣೆ ಇರಲಿ, ಹರಿಹರದ ಯಾವುದೇ ಓಣಿ ಇರಲಿ, ಹುಡುಗ 'ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನೋ ಮೊಬೈಲ್ ಗೇಮ್) ಪ್ರೊ ಆಗ್ತೀನಿ' ಅಂದ್ರೆ ಮನೇಲಿ ಒಂದೇ ಮಾತು: 'ಓದ್ಕಳಲೇ ಮೊದ್ಲು!'

ಬೈಯೋ ಮುಂಚೆ ಈ ಕೆಲ್ಸ ಏನು ಅಂತ ನೋಡ್ರಿ.

ಪಂದ್ಯಕ್ಕೆ 16 ತಂಡ, ತಂಡಕ್ಕೆ 4 ಜನ. ಅದ್ರಲ್ಲಿ ಒಬ್ಬ ಐಜಿಎಲ್, ಅಂದ್ರೆ ನಾಯಕ. ಝೋನ್, ಅಂದ್ರೆ ಸುರಕ್ಷಿತ ಜಾಗ ಎಲ್ಲಿ ಬೀಳುತ್ತೆ, ಯಾವ ಮನೆ ಹಿಡೀಬೇಕು, ಗಾಡಿ ಎಲ್ಲಿ ಬಿಡಬೇಕು, ಎಲ್ಲಾ ಅವನೇ ಕೂಗಿ ಹೇಳ್ಬೇಕು. ದಿನಾ ಗಂಟೆಗಟ್ಟಲೆ ಸ್ಕ್ರಿಮ್ಸ್, ಅಂದ್ರೆ ಬೇರೆ ತಂಡಗಳ ಜೊತೆ ಅಭ್ಯಾಸ ಪಂದ್ಯ. ಆಮೇಲೆ ರೆಕಾರ್ಡಿಂಗ್ ಹಾಕ್ಕೊಂಡು, ಸತ್ತಿದ್ದು ಯಾಕೆ ಅಂತ ಹುಡುಕೋದು. ನಮ್ಮೂರ ಗರಡಿಯ ಸಾಮು ಇದ್ದಂಗೇ; ಇಲ್ಲಿ ನೋಯೋದು ಹೆಬ್ಬೆರಳು, ಮಣಿಕಟ್ಟು.

ದುಡ್ಡು? ತಂಡದ ಸಂಬಳ, ಬಹುಮಾನದಲ್ಲಿ ಪಾಲು, ಯೂಟ್ಯೂಬ್ ಲೈವ್. ಆದ್ರೆ ಗ್ಯಾರಂಟಿ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್. ಅದರ ಬದಲು 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಮಾಯ! ವಾಪಸ್ ಬಂದಿದ್ದು 2023ರ ಮೇನಲ್ಲಿ. ಕಬಡ್ಡಿ ಆಟಕ್ಕೆ ಮಾಲೀಕರಿಲ್ಲ, ಇದಕ್ಕೆ ಕಂಪನಿನೇ ಮಾಲೀಕ; ಕಂಪನಿಯ ಗೇಮ್ ನಿಂತ್ರೆ ಆಟಗಾರನ ಕೆಲ್ಸಾನೂ ನಿಂತಂಗೆ. ಅಸಲಿ ತೊಡಕು ಇದೇ.

ಸರ್ಕಾರದ ಮಾನ್ಯತೆ ಇದೆ: 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್, ಅಂದ್ರೆ ಇಂಥ ಗೇಮ್ ಸ್ಪರ್ಧೆ, ಕೇಂದ್ರ ಕ್ರೀಡಾ ಸಚಿವಾಲಯದಡಿ ಬಂತು. 2025ರ ಕಾನೂನು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸ್‌ನ ಬೇರೆ ಇಟ್ಟಿದೆ. ರಮ್ಮಿ ಜೊತೆ ಇದನ್ನ ಸೇರಿಸಿ ಬೈಬೇಡಿ.

ಹುಡುಗ್ರೇ, ಡಿಗ್ರಿ ಬಿಡಬೇಡಿ. ಓಪನ್ ಕ್ವಾಲಿಫೈಯರ್‌ಗೆ, ಅಂದ್ರೆ ಎಲ್ರಿಗೂ ತೆರೆದ ಅರ್ಹತಾ ಸುತ್ತಿಗೆ ಹೆಸರು ಕೊಡಿ, ನಿಮ್ಮ ಮಟ್ಟ ಅಲ್ಲೇ ಗೊತ್ತಾಗುತ್ತೆ. 'ಟೀಮ್‌ಗೆ ಸೇರಿಸ್ತೀನಿ, ಮೊದ್ಲು ದುಡ್ಡು ಕಳ್ಸು' ಅಂತ ಯಾರಾದ್ರೂ ಅಂದ್ರೆ, ಆ ನಂಬರ್ ಬ್ಲಾಕ್ ಮಾಡಿ.